ಹೊಟ್ಟೆಯಲ್ಲಿ ಕಿವಿ: ಮೂತಿ ಪತಂಗಗಳನ್ನು ವಿಂಗಡಿಸಲು ಕಲಿತ ಬಗೆ

ಮೊದಲ ಎರಡು ವರ್ಷ ನಾನು ಮೂತಿ ನೋಡಿಯೇ ಹೆಸರು ಬರೆಯುತ್ತಿದ್ದೆ. ರಾತ್ರಿ ಬಿಳಿ ಬಟ್ಟೆ ಕಟ್ಟಿ ದೀಪ ಹಾಕುತ್ತಿದ್ದೆ. ಬಂದು ಕೂತ ಪತಂಗಗಳ ಫೋಟೋ ತೆಗೆಯುತ್ತಿದ್ದೆ. ಮುಖದ ಮುಂದೆ ಚೂಪಾಗಿ ಏನಾದರೂ ಚಾಚಿದ್ದರೆ ಅದು ಮೂತಿ ಪತಂಗ, ಅಂದರೆ ಪೈರಾಲಿಡೇ ಕುಟುಂಬದ್ದು ಅಂತ ಪಟ್ಟಿಗೆ ಸೇರಿಸುತ್ತಿದ್ದೆ. ಪಟ್ಟಿ ಬೇಗ ಬೆಳೆಯಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತಪ್ಪು ಅಂತ ಆಮೇಲೆ ಗೊತ್ತಾಯಿತು.

ಮೂತಿ ಅಂತ ನಾವು ಕರೆಯುವುದು ನಿಜವಾಗಿ ಬಾಯಲ್ಲ. ಕೆಳತುಟಿಯಿಂದ ಹೊರಟ ಎರಡು ಸ್ಪರ್ಶಾಂಗಗಳು ಹುಡಿಯಂಥ ಶಲ್ಕ ಹೊದ್ದು ಜೋಡಿಯಾಗಿ ಮುಂದಕ್ಕೆ ಚಾಚಿರುತ್ತವೆ, ಅಷ್ಟೇ. ಮಕರಂದ ಹೀರುವ ನಳಿಕೆ ಅವುಗಳ ನಡುವೆ ಸುರುಳಿ ಸುತ್ತಿಕೊಂಡಿರುತ್ತದೆ. ಇಂಥ ಮೂತಿ ಬೇರೆ ಪತಂಗಗಳಿಗೂ ಇದೆ. ನನ್ನನ್ನು ಮೋಸಗೊಳಿಸಿದ್ದು ಹೈಪೆನಾ ಕುಲ. ಅದರ ಮೂತಿ ಎಷ್ಟು ಉದ್ದ ಅಂದರೆ ನನ್ನ ಪಟ್ಟಿಯ ಮೊದಲ ಪುಟದಲ್ಲೇ ಅದಕ್ಕೆ ಜಾಗ ಕೊಟ್ಟಿದ್ದೆ. ಅದು ಎರೆಬಿಡೇ ಕುಟುಂಬದ್ದು, ಮೂತಿ ಪತಂಗಗಳಿಗೆ ಹತ್ತಿರದ ನೆಂಟನೂ ಅಲ್ಲ.

ಹಿರಿಯರೊಬ್ಬರು ನನ್ನ ಒಣ ಮಾದರಿಗಳ ಪೆಟ್ಟಿಗೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಕಿವಿ ಎಲ್ಲಿದೆ ನೋಡಿದ್ರಾ?"

ನೋಡಿರಲಿಲ್ಲ. ಅವತ್ತು ಸಂಜೆ ಒಣಗಿದ ಒಂದು ಮಾದರಿಯ ಹೊಟ್ಟೆಯನ್ನು ಎದೆಯಿಂದ ಮೆಲ್ಲಗೆ ಬಿಡಿಸಿದೆ. ಬುಡದ ಶಲ್ಕಗಳನ್ನು ಸಣ್ಣ ಕುಂಚದಿಂದ ಸರಿಸಿ ಸೂಕ್ಷ್ಮದರ್ಶಕದ ಕೆಳಗೆ ಅಂಗಾತ ಇಟ್ಟೆ. ಹೊಟ್ಟೆಯ ಬುಡದಲ್ಲಿ, ಅಡಿಭಾಗದಲ್ಲಿ, ಎರಡು ಪುಟ್ಟ ಬಟ್ಟಲುಗಳು ಅಕ್ಕಪಕ್ಕ ಇದ್ದವು. ಬಟ್ಟಲಿನ ಬಾಯಿಗೆ ತೆಳು ಪೊರೆ ಬಿಗಿದಿತ್ತು. ಬೆಳಕನ್ನು ಓರೆ ಮಾಡಿದಾಗ ಪೊರೆ ಮಿಂಚಿತು. ಬಾವಲಿಯ ಕೂಗು ಕೇಳುವುದು ಇದರಿಂದಲೇ. ಹೈಪೆನಾದ ಕಿವಿ ಇರುವುದು ಎದೆಯ ಹಿಂಭಾಗದಲ್ಲಿ. ಒಂದೇ ನೋಟಕ್ಕೆ ಲೆಕ್ಕ ಮುಗಿಯಿತು.

ಮುಂದಿನ ಹೆಜ್ಜೆ ಇನ್ನೂ ಸೂಕ್ಷ್ಮ. ಹೊಟ್ಟೆಯ ಬುಡದಲ್ಲಿ ಇಂಥ ಕಿವಿ ಇರುವ ಪೈರಾಲಾಯ್ಡಿಯಾ ಗುಂಪಿನಲ್ಲಿ ಎರಡು ಕುಟುಂಬ: ಪೈರಾಲಿಡೇ ಮತ್ತು ಕ್ರಾಂಬಿಡೇ. ಹಿಂದೆ ಎಲ್ಲವನ್ನೂ ಒಂದೇ ಕುಟುಂಬಕ್ಕೆ ತುಂಬುತ್ತಿದ್ದರು. ಹಳೆಯ ಕೃಷಿ ಪುಸ್ತಕಗಳಲ್ಲಿ, ಈಗ ಕ್ರಾಂಬಿಡೇಯಲ್ಲಿರುವ ಭತ್ತದ ಕಾಂಡಕೊರಕವೂ ಪೈರಾಲಿಡೇ ಅಂತ ಇರುವುದು ಅದಕ್ಕೇ. 1972ರಲ್ಲಿ ಪತಂಗತಜ್ಞ ಯುಜೀನ್ ಮನ್ರೋ ಇದರೊಳಗೆ ಎರಡು ಕವಲು ತೋರಿಸಿದರು. 1980ರ ದಶಕದಲ್ಲಿ ಇನ್ನೊಬ್ಬ ಪತಂಗತಜ್ಞ ಜೋಯೆಲ್ ಮಿನೆ ಕಿವಿಯ ರಚನೆ ನೋಡಿ ಎರಡನ್ನೂ ಬೇರೆ ಬೇರೆ ಕುಟುಂಬ ಮಾಡಿದರು. 2012ರ ಡಿಎನ್‌ಎ ಅಧ್ಯಯನವೂ ಅದನ್ನೇ ಹೇಳಿತು. ಕ್ರಾಂಬಿಡೇಯಲ್ಲಿ ಎರಡು ಕಿವಿಗಳ ನಡುವೆ ಪ್ರಿಸಿಂಕ್ಟೋರಿಯಂ ಎಂಬ ಚಿಕ್ಕ ಮಡಿಕೆ ಇರುತ್ತದೆ, ಕಿವಿಬಟ್ಟಲು ಮುಂದೆ ತೆರೆದಿರುತ್ತದೆ. ಪೈರಾಲಿಡೇಯಲ್ಲಿ ಆ ಮಡಿಕೆ ಇಲ್ಲ, ಬಟ್ಟಲು ಮುಚ್ಚಿರುತ್ತದೆ. ಅನುಮಾನ ಬಂದರೆ ನಾನು ರೆಕ್ಕೆಗೆ ಒಂದು ಹನಿ ಆಲ್ಕೋಹಾಲ್ ಬಿಡುತ್ತೇನೆ. ಅದು ಆರುವ ತನಕ ನರಗಳು ಎದ್ದು ಕಾಣುತ್ತವೆ. ಮುಂದಿನ ರೆಕ್ಕೆಯ ಮುಂಭಾಗದಲ್ಲಿ ಕವಲೊಡೆಯುವ ರೇಡಿಯಲ್ ನರಗಳಲ್ಲಿ ಐದನೆಯದು ಮೂರು ಮತ್ತು ನಾಲ್ಕರ ಜೊತೆ ಒಂದೇ ತೊಟ್ಟಿನಿಂದ ಹೊರಟಿದ್ದರೆ ಪೈರಾಲಿಡೇ. ಬಿಡಿಯಾಗಿ ಹೊರಟಿದ್ದರೆ ಸಾಮಾನ್ಯವಾಗಿ ಕ್ರಾಂಬಿಡೇ.

ಪೈರಾಲಿಡೇಯಲ್ಲಿ ಸುಮಾರು 6,000 ಪ್ರಭೇದಗಳಿಗೆ ಹೆಸರಿದೆ, ಉಪಕುಟುಂಬ ಐದು. ಗ್ಯಾಲೆರಿಯಿನೇಯಲ್ಲಿ ಜೇನುಗೂಡಿನ ಮೇಣದ ಪತಂಗ ಬರುತ್ತದೆ. ಉಳಿದವು ಪೈರಾಲಿನೇ, ಎಪಿಪಾಸ್ಕಿಯಿನೇ, ಕ್ರೈಸಾಜಿನೇ, ಫೈಸಿಟಿನೇ. ಕುಟುಂಬದ ಅರ್ಧಕ್ಕಿಂತ ಜಾಸ್ತಿ ಇರುವುದು ಫೈಸಿಟಿನೇಯಲ್ಲೇ. ನನ್ನ ಹೆಚ್ಚಿನ ರಾತ್ರಿಗಳು ಹೋಗುವುದೂ ಅದರಲ್ಲೇ. ಕಿರಿದಾದ ರೆಕ್ಕೆ, ಬೂದು ಬಣ್ಣ, ಎಲ್ಲವೂ ಒಂದೇ ಅಚ್ಚು. ಇಲ್ಲಿ ಫೋಟೋ ನೋಡಿ ಪ್ರಭೇದ ಹೇಳುವವರನ್ನು ನಾನು ನಂಬುವುದಿಲ್ಲ. ಹೊಟ್ಟೆಯನ್ನು ಹತ್ತು ಶೇಕಡ ಪೊಟ್ಯಾಶಿಯಂ ಹೈಡ್ರಾಕ್ಸೈಡ್‌ನಲ್ಲಿ ನೆನೆಸಿ, ಮಾಂಸ ಕರಗಿಸಿ, ಜನನಾಂಗದ ಆಕಾರ ನೋಡಲೇಬೇಕು.

ಯಾವ ಪತಂಗ ಎಲ್ಲೆಲ್ಲಿದೆ ಅಂತ ತೋರಿಸುವ ಹಂಚಿಕೆಯ ನಕ್ಷೆಯಲ್ಲಿ ನಾನು ಇನ್ನೂ ದೊಡ್ಡ ತಪ್ಪು ಮಾಡಿದೆ. ಒಮ್ಮೆ ಮನೆಯೊಳಗೆ ಗೋಡೆ ಮೇಲೆ ಪ್ಲೋಡಿಯಾ ಇಂಟರ್‌ಪಂಕ್ಟೆಲ್ಲಾ ಎಂಬ ಫೈಸಿಟಿನೇ ಪತಂಗ ಸಿಕ್ಕಿತು. ರೆಕ್ಕೆಯ ಬುಡ ಮಾಸಲು ಬಿಳಿ, ಉಳಿದದ್ದು ತಾಮ್ರದ ಬಣ್ಣ, ಗುರುತು ಸುಲಭ. ಸುಮ್ನೆ ನಕ್ಷೆಯಲ್ಲಿ ಚುಕ್ಕೆ ಇಟ್ಟೆ. ವಾರದ ನಂತರ ಕಾಳಿನ ಡಬ್ಬದಲ್ಲಿ ಬಲೆ ಮತ್ತು ಹುಳು ಕಂಡವು. ಆ ಕಾಳು ಬೆಳೆದದ್ದು ಎಲ್ಲೋ, ಮೂಟೆಯಾದದ್ದು ಇನ್ನೆಲ್ಲೋ. ಹಾಗಾದರೆ ನನ್ನ ಚುಕ್ಕೆ ಏನು ಹೇಳಿತು? ಪತಂಗದ ನೆಲೆಯನ್ನಲ್ಲ, ಮೂಟೆ ಬಂದು ನಿಂತ ಜಾಗವನ್ನು. ಉಗ್ರಾಣದ ಪ್ರಭೇದಗಳು ಹೀಗೆಯೇ ಲೋಕವೆಲ್ಲ ಸುತ್ತಿವೆ. ಆದರೆ ಕ್ರೈಸಾಜಿನೇ ಉಪಕುಟುಂಬ ನೋಡಿ, ಬಹುಪಾಲು ದಕ್ಷಿಣ ಮತ್ತು ಮಧ್ಯ ಅಮೆರಿಕದಲ್ಲೇ ಉಳಿದಿದೆ. ಅದರಲ್ಲೊಂದು ಸ್ಲಾತ್ ಪ್ರಾಣಿಯ ತುಪ್ಪಳದೊಳಗೇ ಬದುಕುತ್ತದೆ.

ಬೇಕೆಂದೇ ಸಾಗಿಸಿದ ಪತಂಗವೂ ಇದೆ. ಪಾಪಸುಕಳ್ಳಿ ತಿನ್ನುವ ಕ್ಯಾಕ್ಟೋಬ್ಲಾಸ್ಟಿಸ್ ಕ್ಯಾಕ್ಟೋರಮ್ ಪತಂಗದ ಮೊಟ್ಟೆಗಳನ್ನು 1925ರಲ್ಲಿ ಅರ್ಜೆಂಟೀನಾದಿಂದ ಆಸ್ಟ್ರೇಲಿಯಾಕ್ಕೆ ಒಯ್ದರು. ಕಳ್ಳಿ ನುಂಗಿದ್ದ ಜಮೀನು ಮತ್ತೆ ಸಿಕ್ಕಿತು. 1957ರಲ್ಲಿ ಕೆರಿಬಿಯನ್ ದ್ವೀಪಗಳಿಗೂ ತಂದರು. 1989ರಲ್ಲಿ ಅದು ಫ್ಲೋರಿಡಾದಲ್ಲಿ ಕಾಣಿಸಿಕೊಂಡಿತು, ಅಲ್ಲಿನ ಸ್ಥಳೀಯ ಕಳ್ಳಿಗಳಿಗೆ ಈಗ ಅದೇ ಕುತ್ತು.

ಹೆಸರು ತಪ್ಪಿದರೂ ನಕ್ಷೆ ಕೆಡುತ್ತದೆ. ಕ್ರಾಂಬಿಡೇಯ ಬದನೆ ಕಾಯಿಕೊರಕ, ಲ್ಯೂಸಿನೋಡೆಸ್ ಆರ್ಬೊನಾಲಿಸ್, ಏಷ್ಯಾ ಆಫ್ರಿಕಾ ಎರಡರಲ್ಲೂ ಇದೆ ಅಂತ ಬಹುಕಾಲ ಬರೆದರು. 2015ರಲ್ಲಿ ಜನನಾಂಗ ಮತ್ತು ಡಿಎನ್‌ಎ ನೋಡಿದಾಗ ಆಫ್ರಿಕಾದವು ಬೇರೆಯೇ ಪ್ರಭೇದಗಳು ಅಂತ ತಿಳಿಯಿತು. ಒಂದು ಖಂಡದ ಚುಕ್ಕೆಗಳನ್ನೆಲ್ಲ ತಿದ್ದಬೇಕಾಯಿತು.

ಈಗ ನನ್ನ ಚೀಟಿಯಲ್ಲಿ ಜಾಗ, ದಿನಾಂಕದ ಜೊತೆ ಇನ್ನೆರಡು ಸಾಲು ಇರುತ್ತವೆ: ದೀಪಕ್ಕೆ ಬಂತೋ, ಗಿಡದ ಮೇಲೆ ಸಿಕ್ಕ ಹುಳುವಿನಿಂದ ಹೊರಬಂತೋ, ಡಬ್ಬದಿಂದಲೋ, ಮತ್ತೆ ಹೆಸರನ್ನು ಫೋಟೋದಿಂದ ಹೇಳಿದೆನೋ, ಹೊಟ್ಟೆ ಬಿಡಿಸಿ ನೋಡಿದೆನೋ. ಬಿಡಿಸಿದ ಹೊಟ್ಟೆ ಗ್ಲಿಸರಿನ್ ತುಂಬಿದ ಪುಟ್ಟ ಸೀಸೆಯಲ್ಲಿ, ಪತಂಗವನ್ನು ಚುಚ್ಚಿಟ್ಟ ಅದೇ ಪಿನ್ನಿನ ಕೆಳಗೆ ಚುಚ್ಚಿಕೊಂಡಿರುತ್ತದೆ. ನನ್ನ ಹೆಸರು ತಪ್ಪು ಅನ್ನಿಸಿದವರು ಅದನ್ನು ತೆಗೆದು ಮತ್ತೊಮ್ಮೆ ನೋಡಬಹುದು.