ನಾಲ್ಕು ರೊಟ್ಟಿ, ಐದು ಹೊತ್ತು

ಕಲಬುರಗಿಯ ಕಾಳುಕಡಿ ಮಾರುಕಟ್ಟೆಯಾದ ನೆಹರು ಗಂಜಿನ ಅಡತಿ (ದಲಾಲಿ) ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ತೊಗರಿ ಬರುವ ಕಾಲಕ್ಕೆ ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ ಜಾರುತ್ತದೆ. ಅಲ್ಲಿತನಕ ಚಹಾದ ಮೇಲೆ ಚಹಾ, ಯಾರಾದರೂ ತರಿಸಿದರೆ ಮಿರ್ಚಿ ಭಜಿ. ರಾತ್ರಿ ತಾಟಿನ ಮುಂದೆ ಕುಂತರೆ ಮೂರು ರೊಟ್ಟಿ, ಅದರ ಮೇಲೆ ಅನ್ನ ಸಾರು. ತೂಕ 90 ಕಿಲೊ ದಾಟಿದಾಗ ಡಾಕ್ಟರು, “ಒಮ್ಮೆಲೇ ತುಂಬಿಸಬ್ಯಾಡ್ರಿ, ಸ್ವಲ್ಪ ಸ್ವಲ್ಪ ಆಗಾಗ ತಿನ್ರಿ” ಅಂದರು.

ಆಗಾಗ ತಿಂದರೆ ಮೈಯೊಳಗಿನ ಒಲೆ ಆರದೆ ಉರಿದು ಕೊಬ್ಬು ಕರಗುತ್ತದೆ ಎಂದು ಜಿಮ್ಮಿನ ಹುಡುಗರು ಹೇಳುತ್ತಾರೆ. ಅದು ನಿಜವಲ್ಲ. ತಿಂದದ್ದನ್ನು ಅರಗಿಸಲು ದೇಹ ಖರ್ಚು ಮಾಡುವುದು ಹೆಚ್ಚುಕಡಿಮೆ ಅದರ ಕ್ಯಾಲರಿಯ ಹತ್ತರಲ್ಲಿ ಒಂದು ಭಾಗ. ಅದೇ ಊಟವನ್ನು ಎರಡು ಸಲ ಉಂಡರೂ ಆರು ಸಲ ಉಂಡರೂ ಆ ಖರ್ಚು ಅಷ್ಟೇ. ನಮ್ಮ ಗಂಜಿನ ಹಮಾಲರು ಎರಡೇ ಹೊತ್ತು ಗಟ್ಟಿಯಾಗಿ ಉಣ್ಣುತ್ತಾರೆ, ದಿನವಿಡೀ ಚೀಲ ಹೊರುತ್ತಾರೆ, ಒಬ್ಬರಿಗೂ ಹೊಟ್ಟೆ ಇಲ್ಲ. ನನಗೆ ಬೇಕಾಗಿದ್ದು ಬೇರೆಯದು: ರಾತ್ರಿಯ ಆ ಹಸಿವಿನ ಸಿಟ್ಟು ಇಳಿಯಬೇಕಿತ್ತು.

ಮೊದಲು ಲೆಕ್ಕ. ಮನೆಯಲ್ಲಿ ಅವ್ವ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ತಕ್ಕಡಿ ಇಟ್ಟುಕೊಂಡು ಕುಂತೆ. ಒಂದು ರೊಟ್ಟಿಗೆ ಸುಮಾರು 70 ಗ್ರಾಂ ಜೋಳದ ಹಿಟ್ಟು. 100 ಗ್ರಾಂ ಜೋಳಕ್ಕೆ 350 ಕ್ಯಾಲರಿ ಹಿಡಿದರೆ ರೊಟ್ಟಿಗೆ 245. ಅಷ್ಟೇನೂ ಗಾಬರಿಯಾಗುವಂಥದ್ದಲ್ಲ. ಆದರೆ ಶೇಂಗಾ ಹಿಂಡಿ (ಚಟ್ನಿ ಪುಡಿ) ಇದೆಯಲ್ಲ, ಎರಡು ದೊಡ್ಡ ಚಮಚ ಅಂದರೆ ನೂರರ ಮೇಲೆ. ಅದರ ನಡುವೆ ಕುಳಿ ಮಾಡಿ ಎಣ್ಣೆ ಸುರಿದುಕೊಳ್ಳುವುದು ನಮ್ಮ ಪದ್ಧತಿ, ಸಣ್ಣ ಚಮಚಕ್ಕೆ 45. ಚಹಾದ್ದು ಇನ್ನೂ ಮಜಾ: ಕಪ್ಪಿಗೆ ಎರಡು ಚಮಚ ಸಕ್ಕರೆಯಾದರೆ ಆರು ಕಪ್ಪಿನಲ್ಲಿ ಒಂದು ರೊಟ್ಟಿಯಷ್ಟು ಸಕ್ಕರೆಯನ್ನೇ ಕುಡಿದಂತಾಯಿತು.

ಹೀಗಾಗಿ ದಿನದ ರೊಟ್ಟಿ ನಾಲ್ಕೇ ಎಂದು ಬೆಳಿಗ್ಗೆಯೇ ಎಣಿಸಿ ತೆಗೆದಿಡಲು ಶುರು ಮಾಡಿದೆ. ಎಂಟಕ್ಕೆ ಒಂದು ರೊಟ್ಟಿ, ಪುಂಡಿ ಪಲ್ಯ. ಹನ್ನೊಂದಕ್ಕೆ ಮೊಳಕೆ ಬಂದ ಮಡಿಕೆ ಕಾಳು ಒಂದು ಬಟ್ಟಲು, ಇಲ್ಲವೇ ಸೌತೆಕಾಯಿ ಮತ್ತು ಮಜ್ಜಿಗೆ. ಮಧ್ಯಾಹ್ನ ಒಂದೂವರೆ ರೊಟ್ಟಿ, ಗಟ್ಟಿ ತೊಗರಿ ಬೇಳೆ. ಐದಕ್ಕೆ ಒಂದು ಮುಷ್ಟಿ ಪುಟಾಣಿ (ಹುರಿಗಡಲೆ). ರಾತ್ರಿ ಉಳಿದ ಒಂದೂವರೆ. ಐದರ ಪುಟಾಣಿ ತಪ್ಪಿದ ದಿನ ರಾತ್ರಿ ಕೈ ತಡೆಯುವುದಿಲ್ಲ, ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಬೇಳೆ ಕಾಳು ಇದ್ದರೆ ಹೊಟ್ಟೆ ತಡೆಯುತ್ತದೆ. ಅದೇ ಹೊತ್ತಿಗೆ ಬಿಸ್ಕಿಟು ತಿಂದರೆ ಗಂಟೆಯೊಳಗೆ ಮತ್ತೆ ಕೇಳುತ್ತದೆ.

ಗಂಡಾಂತರ ಇರುವುದು ಇಲ್ಲೇ. ಆಗಾಗ ತಿನ್ನುತ್ತೇನೆ ಅಂತ ಹಳೆಯ ಊಟದ ಮೇಲೆ ಹೊಸ ತಿಂಡಿ ಸೇರಿಸಿದರೆ ತೂಕ ಏರುತ್ತದೆಯೇ ಹೊರತು ಇಳಿಯದು. ಇದ್ದದ್ದನ್ನೇ ಹಂಚಿಕೊಳ್ಳಬೇಕು. ಮಿರ್ಚಿ ಭಜಿ ಎಷ್ಟು ಸಣ್ಣದಿದ್ದರೂ ಅದು ಸಣ್ಣ ಊಟವಲ್ಲ.

ಅವ್ವನಿಗೆ ಇದು ಒಗ್ಗಲಿಲ್ಲ. “ಒಂದೂವರಿ ರೊಟ್ಟಿಗೇ ಏಳ್ತಿ, ಮೈಯಾಗ ಆರಾಮಿಲ್ಲೇನೊ ಯಪ್ಪಾ?”

“ಹೊತ್ತೊತ್ತಿಗೆ ತಿಂತೀನಿ ಯವ್ವಾ.”

“ಹೊತ್ತೊತ್ತಿಗೆ ತಾಟು ತೊಳಿಯೋರ್ಯಾರು?”

ಈಗ ನನ್ನ ತಾಟು ನಾನೇ ತೊಳೆಯುತ್ತೇನೆ.

ಬೇಸಿಗೆಯಲ್ಲಿ ಈ ವೇಳಾಪಟ್ಟಿ ನಡೆಯುವುದಿಲ್ಲ. ಬಿಸಿಲು 42 ಡಿಗ್ರಿ ದಾಟಿದರೆ ಹಗಲೆಲ್ಲ ಊಟ ಬೇಡವಾಗುತ್ತದೆ, ಎಲ್ಲ ಹಸಿವೂ ರಾತ್ರಿಗೆ ಕೂಡುತ್ತದೆ. ಆಗ ಮಧ್ಯಾಹ್ನದ ರೊಟ್ಟಿ ಬಿಟ್ಟು ಮಜ್ಜಿಗೆ ಬೆರೆಸಿದ ಜೋಳದ ಅಂಬಲಿಯನ್ನು ಎರಡು ಸಲಕ್ಕೆ ಕುಡಿಯುತ್ತೇನೆ. ಎಳ್ಳ ಅಮಾವಾಸ್ಯೆ ದಿನ ಯಾವ ಲೆಕ್ಕವೂ ಇಲ್ಲ. ಹೊಲದಲ್ಲಿ ಕುಂತು ಸಜ್ಜೆ ರೊಟ್ಟಿ, ಕಾಳು ತರಕಾರಿ ಕೂಡಿಸಿ ಬೇಯಿಸಿದ ಭಜ್ಜಿ ಉಣ್ಣುವಾಗ ತಕ್ಕಡಿ ನೆನೆಸುವವನು ಊಟಕ್ಕೆ ಬರಲೇಬಾರದು.

ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಗೆ 8 ಕಿಲೊ ಇಳಿದೆ, ಬಹಳ ನಿಧಾನ. ಸಕ್ಕರೆ ಕಾಯಿಲೆಗೆ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟದ ಹೊತ್ತು ಬದಲಿಸಬಾರದು, ಸಕ್ಕರೆ ಒಮ್ಮೆಲೇ ಇಳಿಯಬಹುದು. ನನ್ನ ಪಕ್ಕದ ಗದ್ದಿಗೆಯ ಗೆಳೆಯನೂ ಇದನ್ನು ಮಾಡಿ ನೋಡಿದ. ಪುಟಾಣಿ ಡಬ್ಬಿ ತೆರೆದರೆ ತಳ ಕಾಣುವವರೆಗೆ ಅವನ ಕೈ ನಿಲ್ಲದು. ಅವನು ಎರಡು ಹೊತ್ತಿನ ಊಟಕ್ಕೇ ಮರಳಿದ್ದಾನೆ, ಅವನಿಗೆ ಅದೇ ಸರಿ.