ಒಂದು ರಿವಾಲ್ವರ್, ಎರಡು ಬಗೆಯ ತೋಟಾ: ನಾನು ಆರಿಸಿಕೊಂಡ ಬಗೆ

ಟೆಕ್ಸಾಸಿನ ಆಸ್ಟಿನ್ ನಗರದ ಪಶ್ಚಿಮಕ್ಕಿರುವ ಗುಡ್ಡಗಾಡಿನಲ್ಲಿ, ಪರಿಚಯದ ರೈತರೊಬ್ಬರ ಜಮೀನಿನಲ್ಲಿ ನಾನು ರಿವಾಲ್ವರಿನಿಂದ ಹೊಡೆದ ಮೊದಲ ಕಾಡುಹಂದಿ ಕೂಡಲೇ ಸಾಯಲಿಲ್ಲ. ಇಪ್ಪತ್ತು ಗಜ ದೂರದಿಂದ ಹಾರಿಸಿದ ಗುಂಡು ಭುಜದ ಮೇಲೆಯೇ ಬಿತ್ತು. ಹಂದಿ ಒಮ್ಮೆ ಮುಗ್ಗರಿಸಿ ಸೀಡರ್ ಪೊದೆಗಳೊಳಗೆ ನುಗ್ಗಿತು. ರಕ್ತದ ಗುರುತು ಹಿಡಿದು ಎರಡು ಗಂಟೆ ಹುಡುಕಿದ ಮೇಲೆ ಹಳ್ಳದ ದಂಡೆಯಲ್ಲಿ ಅದು ಇನ್ನೂ ಉಸಿರಾಡುತ್ತಾ ಸಿಕ್ಕಿತು. ರೈತರು ತಮ್ಮ ರೈಫಲಿನಿಂದ ಅದರ ನೋವನ್ನು ಮುಗಿಸಿದರು. ಆ ಎರಡು ಗಂಟೆಗಳ ಕಾಲ ಒಂದು ಪ್ರಾಣಿ ನರಳಿದ್ದು ನನ್ನ ತಪ್ಪಿನಿಂದ, ಅದರಲ್ಲೂ ತೋಟಾದ ಆಯ್ಕೆಯಲ್ಲಿ ನಾನು ಮಾಡಿದ ತಪ್ಪಿನಿಂದ ಎಂಬುದು ಚರ್ಮ ಸುಲಿದಾಗ ಸ್ಪಷ್ಟವಾಯಿತು.

ವಯಸ್ಸಾದ ಗಂಡುಹಂದಿಯ ಭುಜದ ಮೇಲೆ, ಚರ್ಮದ ಅಡಿಯಲ್ಲಿ, ಗಟ್ಟಿ ನಾರಿನ ದಪ್ಪ ಪದರವೊಂದು ಬೆಳೆದಿರುತ್ತದೆ. ಒಂದರ ಕೋರೆಯಿಂದ ಇನ್ನೊಂದು ತನ್ನನ್ನು ಕಾಪಾಡಿಕೊಳ್ಳಲು ಒದಗಿಬರುವ ಈ ರಕ್ಷೆಯನ್ನು ಇಲ್ಲಿಯ ಬೇಟೆಗಾರರು ಶೀಲ್ಡ್ ಎನ್ನುತ್ತಾರೆ. ನಾನು ಬಳಸಿದ್ದು .357 ಮ್ಯಾಗ್ನಮ್ ಎಂಬ ಬಲವಾದ ರಿವಾಲ್ವರ್ ತೋಟಾದ, 125 ಗ್ರೇನ್ (ಸುಮಾರು 8 ಗ್ರಾಂ) ತೂಕದ ಹಾಲೊ ಪಾಯಿಂಟ್ ಗುಂಡು. ಮೂತಿಯಲ್ಲಿ ಕುಳಿಯಿರುವ ಈ ಗುಂಡು ಮೆತ್ತನೆಯ ಅಂಗಾಂಶಕ್ಕೆ ತಗುಲಿದೊಡನೆ ಅಣಬೆಯಂತೆ ಅರಳುತ್ತದೆ, ಅರಳಿದಷ್ಟೂ ಅದರ ಓಟ ತಗ್ಗುತ್ತದೆ. ನನ್ನ ಗುಂಡು ಆ ಪದರದಲ್ಲಿಯೇ ಅರಳಿ, ಭುಜದ ಮೂಳೆಗೆ ಬಡಿದು ಚೂರಾಗಿ, ಎದೆಗೂಡಿನೊಳಗೆ ಹೋಗದೆ ನಿಂತಿತ್ತು. ಗುಂಡು ಕಳಪೆಯದಾಗಿರಲಿಲ್ಲ, ಮನುಷ್ಯನ ಎದುರು ಆತ್ಮರಕ್ಷಣೆಗೆಂದು ರೂಪಿಸಿದ ಗುಂಡನ್ನು ನಾನು ಹಂದಿಗೆ ಬಳಸಿದ್ದೆ.

ಆಗ ನನಗೆ ಮನದಟ್ಟಾದ ಸಂಗತಿಯೆಂದರೆ, ಬೇಟೆ ಮತ್ತು ಆತ್ಮರಕ್ಷಣೆ ಗುಂಡಿನಿಂದ ಕೇಳುವುದು ಬಹುಮಟ್ಟಿಗೆ ಒಂದಕ್ಕೊಂದು ವಿರುದ್ಧವಾದದ್ದನ್ನು. ಹಂದಿಯ ಮಟ್ಟಿಗೆ ಗುಂಡು ಆಳಕ್ಕೆ ಇಳಿಯಬೇಕು, ಸಾಧ್ಯವಾದರೆ ಇನ್ನೊಂದು ಬದಿಯಿಂದ ಹೊರಬೀಳಬೇಕು, ಏಕೆಂದರೆ ಎರಡು ಗಾಯಗಳಿಂದ ಸುರಿಯುವ ರಕ್ತ ಜಾಡು ಹಿಡಿಯುವುದಕ್ಕೆ ನೆರವಾಗುತ್ತದೆ. ಮನೆಯಲ್ಲಾದರೆ ಗುಂಡು ಸಾಕಷ್ಟು ಆಳಕ್ಕೆ ಹೋಗಿ ಅಲ್ಲಿಯೇ ನಿಲ್ಲಬೇಕು. ಅದು ದಾಟಿಹೋದರೆ ಆಚೆಗೆ ಯಾರಿರುತ್ತಾರೆ ಎಂಬುದು ಹಾರಿಸಿದವನ ಹೊಣೆಯಾಗುತ್ತದೆ.

ಸಾಕಷ್ಟು ಆಳ ಎಂದರೆ ಎಷ್ಟು ಎಂಬುದಕ್ಕೆ ಇಲ್ಲಿ ಎಲ್ಲರೂ ಹಿಡಿಯುವ ಅಳತೆ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐನದು. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ಬ್ಯಾಂಕ್ ದರೋಡೆಕೋರರೊಡನೆ ನಡೆದ ಗುಂಡಿನ ಕಾಳಗದಲ್ಲಿ ಆ ಸಂಸ್ಥೆಯ ಇಬ್ಬರು ಏಜೆಂಟರು ಸತ್ತು ಐವರು ಗಾಯಗೊಂಡರು. ಆರಂಭದಲ್ಲಿಯೇ ಒಬ್ಬ ದರೋಡೆಕೋರನಿಗೆ ತಗುಲಿದ 9 ಎಂಎಂ ಹಾಲೊ ಪಾಯಿಂಟ್ ಗುಂಡು ತೋಳನ್ನು ದಾಟಿ ಎದೆಯನ್ನು ಹೊಕ್ಕು, ಹೃದಯವನ್ನು ತಲುಪುವ ಮೊದಲೇ ನಿಂತುಹೋಗಿತ್ತು; ಅವನು ಆಮೇಲೂ ಹೋರಾಡಿದ. ಅದಾದ ಮೇಲೆ ರೂಪುಗೊಂಡ ಪರೀಕ್ಷಾಕ್ರಮದ ಪ್ರಕಾರ, ಮಾಂಸದ ಬದಲಿಗೆ ಬಳಸುವ ಶೇಕಡಾ 10ರ ಜೆಲಟಿನ್ ಗಡ್ಡೆಯಲ್ಲಿ, ಎದುರಿಗೆ ದಪ್ಪ ಬಟ್ಟೆಯಿದ್ದಾಗಲೂ, ಗುಂಡು ಕನಿಷ್ಠ 12 ಅಂಗುಲ, ಹೆಚ್ಚೆಂದರೆ 18 ಅಂಗುಲ ಇಳಿಯಬೇಕು. ನನ್ನ ಹಂದಿಯ ಮತ್ತು ಆ ದಿನದ ಕಥೆಗಳ ತಿರುಳು ಒಂದೇ ಎಂದು ಅನೇಕ ಸಲ ನನಗೆ ಅನ್ನಿಸಿದೆ.

ನನ್ನಲ್ಲಿರುವುದು ನಾಲ್ಕು ಅಂಗುಲ ನಳಿಗೆಯ, ತೂಕದ ಉಕ್ಕಿನ .357 ಮ್ಯಾಗ್ನಮ್ ರಿವಾಲ್ವರ್. ಅದನ್ನು ಮಾರದೆ ಇಟ್ಟುಕೊಂಡಿದ್ದಕ್ಕೆ ಮುಖ್ಯ ಕಾರಣ, ಅದರಲ್ಲಿ ಕಡಿಮೆ ಶಕ್ತಿಯ .38 ಸ್ಪೆಷಲ್ ತೋಟಾಗಳನ್ನೂ ಹಾರಿಸಬಹುದು ಎಂಬುದು. ಎರಡರ ಗುಂಡಿನ ವ್ಯಾಸ ಒಂದೇ. 1935ರಲ್ಲಿ ಬಂದ ಮ್ಯಾಗ್ನಮ್‌ನ ಕೇಸನ್ನು (ಗುಂಡನ್ನೂ ಮದ್ದನ್ನೂ ಹಿಡಿದಿಡುವ ಲೋಹದ ಕೊಳವೆಯನ್ನು), ಹಳೆಯ .38 ರಿವಾಲ್ವರುಗಳಲ್ಲಿ ಯಾರೂ ತುರುಕದಂತೆ, ಬೇಕೆಂದೇ ಸ್ವಲ್ಪ ಉದ್ದ ಮಾಡಿದ್ದಾರೆ. ಆದ್ದರಿಂದ .38ನ್ನು .357ರಲ್ಲಿ ಬಳಸಬಹುದೇ ಹೊರತು .357ನ್ನು .38ರಲ್ಲಿ ಎಂದೂ ಬಳಸಕೂಡದು. 158 ಗ್ರೇನ್ ಗುಂಡು ಸಾಧಾರಣ .38ರಲ್ಲಿ ಸೆಕೆಂಡಿಗೆ ಸುಮಾರು 230 ಮೀಟರ್ ವೇಗದಲ್ಲಿ ಹೊರಟರೆ ಮ್ಯಾಗ್ನಮ್‌ನಲ್ಲಿ ಸುಮಾರು 375 ಮೀಟರ್ ವೇಗದಲ್ಲಿ ಹೊರಡುತ್ತದೆ, ಅಂದರೆ ಶಕ್ತಿ ಎರಡೂವರೆ ಪಟ್ಟಿಗೂ ಹೆಚ್ಚು.

ಬೇಟೆಗೆ ನಾನು 180 ಗ್ರೇನ್ ತೂಕದ, ಚಪ್ಪಟೆ ಮೂತಿಯ ಹಾರ್ಡ್ ಕಾಸ್ಟ್ ಗುಂಡಿಗೆ ಬಂದು ನಿಂತೆ. ಸೀಸಕ್ಕೆ ತವರ ಮತ್ತು ಆಂಟಿಮನಿ ಬೆರೆಸಿ ಗಟ್ಟಿಯಾಗಿ ಎರಕ ಹೊಯ್ದ ಈ ಗುಂಡು ಅರಳುವುದಿಲ್ಲ, ಆದರೆ ದಾರಿಯನ್ನೂ ತಪ್ಪುವುದಿಲ್ಲ. ಚಪ್ಪಟೆ ಮೂತಿ ದುಂಡು ಮೂತಿಗಿಂತ ಹೆಚ್ಚು ಹಾನಿಮಾಡುತ್ತಾ ಹೋಗುತ್ತದೆ. ಅರಳದ ಗುಂಡನ್ನು ಎದೆಗೂಡಿನ ಸರಿಯಾದ ಜಾಗಕ್ಕೇ ಇಡಬೇಕಾದ್ದರಿಂದ ಇಪ್ಪತ್ತೈದು ಗಜಕ್ಕಿಂತ ಆಚೆ ನಾನು ಹಾರಿಸುವುದಿಲ್ಲ. ಹಂದಿಯ ಹೃದಯ ನಾವು ಎಣಿಸುವುದಕ್ಕಿಂತ ಮುಂದಕ್ಕೂ ಕೆಳಕ್ಕೂ ಇರುತ್ತದೆ ಎಂಬುದನ್ನು ಸುಲಿಯುವಾಗ ಕಣ್ಣಾರೆ ನೋಡಿಯೇ ಕಲಿತೆ.

ಮನೆಗೆ ಆಯ್ಕೆಮಾಡುವುದು ಹೆಚ್ಚು ಕಷ್ಟವಾಯಿತು. ಮುಚ್ಚಿದ ಕೋಣೆಯಲ್ಲಿ, ಕಿವಿಗೆ ರಕ್ಷಣೆಯಿಲ್ಲದೆ, ಮ್ಯಾಗ್ನಮ್‌ನ ಸದ್ದು ಕಿವಿಯನ್ನು ಶಾಶ್ವತವಾಗಿ ಕೆಡಿಸಬಲ್ಲದು. ಕತ್ತಲಲ್ಲಿ ನಳಿಗೆಯ ಮೂತಿಯ ಬೆಂಕಿ ಕಣ್ಣು ಕೋರೈಸುತ್ತದೆ. ಹಿನ್ನೊದೆತದಿಂದಾಗಿ ಎರಡನೆಯ ಗುಂಡಿಗೆ ಗುರಿಹಿಡಿಯುವುದು ತಡವಾಗುತ್ತದೆ. ಹೀಗಾಗಿ ಅಲ್ಲಿಗೆ .38 ಸ್ಪೆಷಲ್ ಪ್ಲಸ್-ಪಿ (ಸಾಧಾರಣಕ್ಕಿಂತ ಹೆಚ್ಚು ಒತ್ತಡದ) ಹಾಲೊ ಪಾಯಿಂಟ್ ಸಾಕೆಂದು ನಿರ್ಧರಿಸಿದೆ. ಆದರೆ ಕಡಿಮೆ ವೇಗದಲ್ಲಿ ಹಾಲೊ ಪಾಯಿಂಟ್ ಅರಳದೆಯೇ ಹೋಗುವುದುಂಟು, ಬಟ್ಟೆಯ ಎಳೆಗಳು ಕುಳಿಯಲ್ಲಿ ತುಂಬಿಕೊಂಡರಂತೂ ಇನ್ನೂ ಹೆಚ್ಚು. ಇದನ್ನು ನೋಡಲು ನಾನು ನೀರು ತುಂಬಿದ ಗ್ಯಾಲನ್ ಕ್ಯಾನುಗಳನ್ನು ಸಾಲಾಗಿಟ್ಟು, ಮುಂದೆ ಹಳೆಯ ಜೀನ್ಸ್ ಬಟ್ಟೆಯನ್ನು ನಾಲ್ಕು ಪದರ ಇಳಿಬಿಟ್ಟು, ನನ್ನದೇ ರಿವಾಲ್ವರಿನಿಂದ ಮೂರು ಬಗೆಯ ತೋಟಾಗಳನ್ನು ಹಾರಿಸಿ ಪರೀಕ್ಷಿಸಿದೆ. ನೀರು ಮಾಂಸವಲ್ಲವಾದ್ದರಿಂದ ಆಳದ ಲೆಕ್ಕ ಇದರಿಂದ ಸಿಗುವುದಿಲ್ಲ. ಅರಳುತ್ತದೆಯೋ ಇಲ್ಲವೋ ಎಂಬುದಷ್ಟೇ ತಿಳಿಯುತ್ತದೆ. ಹೆಚ್ಚು ಬೆಲೆಯ ಒಂದು ಗುಂಡು ಮೂರು ಸಲದಲ್ಲಿ ಎರಡು ಸಲ ಅರಳದೆ ಹೊರಬಂತು. ಗಿಡ್ಡ ನಳಿಗೆಗೆಂದೇ ರೂಪಿಸಿದ 135 ಗ್ರೇನಿನದು ಮೂರು ಸಲವೂ ಅರಳಿತು. ಅದನ್ನೇ ಉಳಿಸಿಕೊಂಡೆ.

ಇಲ್ಲಿಯ ಮನೆಗಳ ಒಳಗೋಡೆಗಳು ತೆಳುವಾದ ಜಿಪ್ಸಮ್ ಹಲಗೆಯವು. ಗುರಿ ತಪ್ಪಿದ ಯಾವ ಗುಂಡನ್ನೂ, ಅದು ಎಷ್ಟೇ ಚೆನ್ನಾಗಿ ಅರಳುವಂಥದ್ದಾದರೂ, ಅವು ತಡೆಯಲಾರವು. ನಮ್ಮ ಮಲಗುವ ಕೋಣೆಯ ಒಂದು ಗೋಡೆಯ ಆಚೆ ಮಗಳ ಹಾಸಿಗೆಯಿದೆ. ಆ ದಿಕ್ಕಿಗೆ ಎಂದಿಗೂ ಹಾರಿಸುವಂತಿಲ್ಲ ಎಂದು ನಾನೂ ನನ್ನ ಹೆಂಡತಿಯೂ ಮನೆಯಲ್ಲಿ ನಡೆದಾಡಿ ಗುರುತುಮಾಡಿಕೊಂಡಿದ್ದೇವೆ.

ಎರಡು ಬಗೆಯ ತೋಟಾ ಬಳಸುವಾಗ ಮೂರು ತೊಡಕುಗಳು ಎದುರಾದವು. ತೂಕದ ಗುಂಡು ನಳಿಗೆ ಬಿಡುವ ಹೊತ್ತಿಗೆ ಹಿನ್ನೊದೆತದಿಂದ ಮೂತಿ ಮೇಲೆದ್ದಿರುತ್ತದೆ, ಹಾಗಾಗಿ ಅದು ಹಗುರ ಗುಂಡಿಗಿಂತ ಮೇಲೆ ಬೀಳುತ್ತದೆ. ನಾನು ರಿವಾಲ್ವರಿನ ಮೇಲಿನ ಗುರಿಹಿಡಿಯುವ ಸೈಟನ್ನು ಮನೆಯ ತೋಟಾಕ್ಕೆ ಹೊಂದಿಸಿಟ್ಟು, ಬೇಟೆಯ ತೋಟಾ ಎಷ್ಟು ಮೇಲೆ ಹೋಗುತ್ತದೆ ಎಂಬುದನ್ನು ಕಾಗದದ ಮೇಲೆ ಅಳೆದು ನೆನಪಿಟ್ಟಿದ್ದೇನೆ. .38 ಹೆಚ್ಚು ಹಾರಿಸಿದರೆ ಸಿಲಿಂಡರಿನ ಕೋಶಗಳೊಳಗೆ ಮಸಿಯ ಉಂಗುರ ಕಟ್ಟಿಕೊಂಡು ಉದ್ದದ ಮ್ಯಾಗ್ನಮ್ ಕೇಸು ಪೂರ್ತಿ ಕೂರುವುದಿಲ್ಲ. ಪ್ರತಿಸಲವೂ ಬ್ರಷ್ಷಿನಿಂದ ಉಜ್ಜಬೇಕು. ಇನ್ನೊಂದು, ಬಲವಾದ ಹಿನ್ನೊದೆತಕ್ಕೆ ಇನ್ನೂ ಹಾರದ ತೋಟಾದ ಗುಂಡು ಕೇಸಿನಿಂದ ಮುಂದಕ್ಕೆ ಜರುಗಿ ಸಿಲಿಂಡರ್ ಸಿಕ್ಕಿಬೀಳಬಹುದು. ಹೊಸ ಪೆಟ್ಟಿಗೆ ತಂದಾಗ ಐದನ್ನು ಹಾರಿಸಿ, ಆರನೆಯದರ ಉದ್ದವನ್ನು ಮೊದಲು ಅಳೆದದ್ದಕ್ಕೆ ಹೋಲಿಸಿ ನೋಡುತ್ತೇನೆ.

ಕಾನೂನಿನ ಎರಡು ಮಾತುಗಳನ್ನು ಇಲ್ಲಿರುವ ಕನ್ನಡಿಗರಿಗಾಗಿ ಹೇಳಲೇಬೇಕು. ಎಚ್-1ಬಿಯಂಥ ವೀಸಾದ ಮೇಲೆ ಇರುವವರು ಬಂದೂಕನ್ನಷ್ಟೇ ಅಲ್ಲ, ತೋಟಾವನ್ನು ಇಟ್ಟುಕೊಳ್ಳುವುದನ್ನೂ ಅಮೆರಿಕದ ಕಾನೂನು ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಹೊಂದಿದವರಿಗೆ ವಿನಾಯಿತಿಯಿದೆ. 2019ರ ಸೆಪ್ಟೆಂಬರಿನಿಂದ ಟೆಕ್ಸಾಸಿನ ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆಯಿದ್ದರೆ ಕಾಡುಹಂದಿಗೆ ಪರವಾನಗಿ ಬೇಡವಾದರೂ, ವೀಸಾದವರು ಈ ವಿನಾಯಿತಿಗಾಗಿ ಅದನ್ನು ಪಡೆಯಲೇಬೇಕು. ಎರಡನೆಯದು, ಬೇಟೆಗೆ ಒಯ್ದ ಚೀಲದ ಮೂಲೆಯಲ್ಲಿ ಉಳಿದ ಒಂದೇ ಒಂದು ತೋಟಾ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ಭಾರತದ ಶಸ್ತ್ರಾಸ್ತ್ರ ಕಾಯ್ದೆಯಡಿ ಮೊಕದ್ದಮೆಯಾಗಬಹುದು. ನಮ್ಮ ಮನೆಯಲ್ಲಿ ಬೇಟೆಯ ಚೀಲ ಊರಿಗೆ ಹೋಗುವ ಚೀಲವಾಗುವುದೇ ಇಲ್ಲ. ಅದು ತೋಟಾಗಳ ಜೊತೆ ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗದೊಳಗೆ ಇರುತ್ತದೆ. ಹಾರ್ಡ್ ಕಾಸ್ಟ್ ತೋಟಾಗಳ ಡಬ್ಬಿಗೆ ಕೆಂಪು ಪಟ್ಟಿ ಅಂಟಿಸಿದ್ದೇನೆ. ಜಮೀನಿನಿಂದ ಮರಳಿದ ರಾತ್ರಿ ಸಿಲಿಂಡರನ್ನು ಬರಿದುಮಾಡಿ, ಉಜ್ಜಿ, .38ಗಳನ್ನು ಒಂದೊಂದಾಗಿ ನೋಡಿ ತುಂಬಿ ಬೀಗ ಹಾಕಿದ ಮೇಲೆಯೇ ಊಟಕ್ಕೆ ಕೂರುತ್ತೇನೆ.