ಡೈನೋ ಇಲ್ಲದೆ, ಸೇಡಂ ರಸ್ತೆಯ ಮೇಲೆ ಮಾಡಿದ ರೀಮ್ಯಾಪ್

ನನ್ನ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಬೈಕ್ ಈಗ ಮೇ ತಿಂಗಳ ಮಧ್ಯಾಹ್ನದಲ್ಲೂ ಕಲಬುರಗಿಯ ಸೂಪರ್ ಮಾರ್ಕೆಟಿನ ದಟ್ಟಣೆಯೊಳಗೆ ಎರಡನೇ ಗೇರಿನಲ್ಲಿ, 2,000 ಆರ್‌ಪಿಎಂ ಆಸುಪಾಸಿನಲ್ಲಿ, ಜಗ್ಗದೆ ಸಾಗುತ್ತದೆ. ಡೈನೋ (ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಇಲ್ಲದೆ ರೀಮ್ಯಾಪ್, ಅಂದರೆ ಎಂಜಿನ್ ಕಂಪ್ಯೂಟರಿನ ಪೆಟ್ರೋಲ್, ಕಿಡಿಯ ಕೋಷ್ಟಕ (ಮ್ಯಾಪ್) ಬದಲಿಸುವುದು, ಆಗದು ಎಂದವರಿಗೆ ಇಷ್ಟೇ ಉತ್ತರ ಸಾಕಿತ್ತು. ಆದರೆ ಖರ್ಚು ಎಷ್ಟಾಯಿತು, ಹೇಗೆ ಮಾಡಿದಿರಿ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಬಿಎಸ್6 ಹೊಗೆ ನಿಯಮದ ಗಾಡಿಗಳ ಲೀನ್ (ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚಿರುವ) ಮಿಶ್ರಣದ ಕಥೆ ನಿಮಗೆ ಗೊತ್ತಿರುವುದೇ, ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಮೊದಲ ಹಣ ಹೋದದ್ದು ರೆಡಿಮೇಡ್ ಮ್ಯಾಪಿಗೆ. ಬೆಂಗಳೂರಿನ ಒಬ್ಬ ಟ್ಯೂನರ್ ಹದಿನಾಲ್ಕು ಸಾವಿರದಷ್ಟು ತೆಗೆದುಕೊಂಡು ಫೈಲ್ ಕಳಿಸಿದರು. ಹೆದ್ದಾರಿಯಲ್ಲಿ ಹುರುಪಾಗಿತ್ತು. ಆದರೆ ಕಮಲಾಪುರದ ಏರಿನಲ್ಲಿ ಐದನೇ ಗೇರಿನಲ್ಲೇ ಥ್ರಾಟಲ್ ತಿರುವಿದರೆ, ಡಬ್ಬಿಯಲ್ಲಿ ಗೋಲಿ ಅಲುಗಾಡಿಸಿದಂತೆ ಟಾಕಿಯ ಕೆಳಗಿಂದ ನಾಕಿಂಗ್ ಸದ್ದು, ಅಂದರೆ ಎಂಜಿನ್ನಿನೊಳಗೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವ ಸದ್ದು. ಫೋನ್ ಮಾಡಿದರೆ, ‘ನಮ್ಮ ಡೈನೋದಲ್ಲಿ ಸರಿಯಾಗಿದೆ ಸರ್, ಪೆಟ್ರೋಲ್ ಬದಲಿಸಿ ನೋಡಿ’ ಎಂಬ ಉತ್ತರ.

ಪೆಟ್ರೋಲನ್ನೂ ಬದಲಿಸಿ ನೋಡಿದೆ. ಹೈದರಾಬಾದಿಗೆ ಹೋದಾಗ ಅಲ್ಲಿ ನಾಕಿಂಗ್ ತಡೆಯುವ 100 ಆಕ್ಟೇನ್ ಪೆಟ್ರೋಲ್ ತುಂಬಿಸಿದೆ, ಲೀಟರಿಗೆ ನೂರೈವತ್ತು ದಾಟಿತ್ತು. ನಾಕಿಂಗ್ ನಿಂತಿತು, ನಿಜ. ಶಕ್ತಿ ಮಾತ್ರ ಕೂದಲೆಳೆಯಷ್ಟೂ ಏರಲಿಲ್ಲ. ಟೈಮಿಂಗ್ ಮುಂದೆ ತರದೆ, ಅಂದರೆ ಕಿಡಿ ಮೊದಲೇ ಹತ್ತುವಂತೆ ಮಾಡದೆ, ಆಕ್ಟೇನ್ ಮಾತ್ರ ಏರಿಸಿದರೆ ಏರುವುದೂ ಇಲ್ಲ. ಚಿಂಚೋಳಿ ಕಡೆಯ ಬಂಕುಗಳಲ್ಲಿ ಸಿಗದ ಎಣ್ಣೆಗೆ ಎಂಜಿನ್ ಟ್ಯೂನ್ ಮಾಡಿಟ್ಟುಕೊಂಡು ನಾನೇನು ಮಾಡಲಿ?

ತೊಂದರೆ ಇದ್ದದ್ದು ಊರಿನಲ್ಲಿ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಕಲಬುರಗಿ ಅದರ ಅರ್ಧದಷ್ಟು. ಇಲ್ಲಿ ಗಾಳಿಯ ಒತ್ತಡ ಹೆಚ್ಚು, ಮೇಲೆ ಬಿಸಿಲು ಬೇರೆ. ಅಲ್ಲಿ ಸುಮ್ಮನಿದ್ದ ಟೈಮಿಂಗ್ ಇಲ್ಲಿ ನಾಕ್ ಮಾಡಿತು.

ಹಾಗಾಗಿ ಮ್ಯಾಪನ್ನು ನಾನೇ ಮಾಡುವುದೆಂದು, ಅದನ್ನು ಗಾಡಿಗೆ ತುಂಬುವ ಫ್ಲ್ಯಾಶ್ ಕೇಬಲ್ ಮತ್ತು ಲೈಸೆನ್ಸಿಗೆ ಇಪ್ಪತ್ತೆರಡು ಸಾವಿರದ ಸುಮಾರು, ಹೊಗೆಯಿಂದ ಗಾಳಿ-ಪೆಟ್ರೋಲ್ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಕಿಟ್ಟಿಗೆ ಹದಿನೆಂಟು ಸಾವಿರದ ಸುಮಾರು ಕೊಟ್ಟೆ. ನಮ್ಮ ಮಿಸ್ತ್ರಿ ನಕ್ಕರು: ‘ಎಂಜಿನ್ ಸುಟ್ಟುಕೊಂಡು ಬರುತ್ತೀರಿ, ಬಿಚ್ಚುವ ಕೂಲಿ ಈಗಲೇ ಕೊಟ್ಟುಹೋಗಿ.’

ಕಂಪನಿಯ ಹೊಗೆ ಪೈಪಿಗೆ ಕೈ ಹಚ್ಚಲಿಲ್ಲ. ಹಳೆಯ ಬೆಂಡ್ ಪೈಪ್ ಕೊಂಡು ಅದಕ್ಕೆ ಸೆನ್ಸರ್ ಕೂಡಿಸುವ 18 ಮಿ.ಮೀ. ಬಂಗ್ (ಮರೆಯಿರುವ ಬಳೆ) ಬೆಸುಗೆ ಹಾಕಿಸಿದೆ. ಮೊದಲ ವೆಲ್ಡರ್ ಅದನ್ನು ಪೈಪಿನ ಅಡಿಭಾಗಕ್ಕೆ ಕೂಡಿಸಿಬಿಟ್ಟ. ಬೆಳಗ್ಗೆ ಚಾಲೂ ಮಾಡಿದಾಗ ಪೈಪಿನೊಳಗೆ ಕಟ್ಟುವ ನೀರು ಇಳಿದು, ಕಾದ ಸೆನ್ಸರ್ ಒಡೆಯಿತು. ಎಂಟು ಸಾವಿರ ನೀರಿಗೆ ಹೋಯಿತು. ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಇನ್ನೊಬ್ಬರನ್ನು ಹಿಡಿದು, ಅಡ್ಡಗೆರೆಗಿಂತ ಹತ್ತು ಹದಿನೈದು ಡಿಗ್ರಿ ಮೇಲೆ ಬರುವಂತೆ ಕೂಡಿಸಿದೆ. ಅಂದಿನಿಂದ ಸೆನ್ಸರ್ ಚೆನ್ನಾಗಿದೆ.

ಮೀಟರಿನಲ್ಲಿ ಲ್ಯಾಂಬ್ಡಾ ಮಾತ್ರ ನೋಡಿ: ಸರಿಯಾದ ಮಿಶ್ರಣಕ್ಕೆ ಅದು 1, ಕಡಿಮೆಯಾದರೆ ರಿಚ್ (ಪೆಟ್ರೋಲ್ ಹೆಚ್ಚು), ಹೆಚ್ಚಾದರೆ ಲೀನ್. ಒಂದು ಭಾಗ ಪೆಟ್ರೋಲಿಗೆ 14.7 ಭಾಗ ಗಾಳಿ ಎಂಬುದು ಶುದ್ಧ ಪೆಟ್ರೋಲಿನ ಲೆಕ್ಕ, ಶೇ 20 ಎಥೆನಾಲ್ ಬೆರೆತರೆ ಅದು 13.5ರ ಹತ್ತಿರ ಇಳಿಯುತ್ತದೆ. ಹಳೆಯ ಸಂಖ್ಯೆ ಹಿಡಿದು ಕುಳಿತವರ ಜೊತೆ ನಾನು ವಾದ ಮಾಡುವುದಿಲ್ಲ.

ಸೇಡಂ ರಸ್ತೆಯಲ್ಲಿ ಒಂದೇ ತುಂಡನ್ನು ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ಹೋಗುತ್ತಾ ಬರುತ್ತಾ ಓಡಿಸಿ ಲಾಗ್ (ಸೆನ್ಸರ್‌ಗಳ ದಾಖಲೆ) ತೆಗೆದೆ. ಬೆಳಗಿನ ಲಾಗ್ ಚೊಕ್ಕವಾಗಿತ್ತು. ಮಧ್ಯಾಹ್ನದ್ದರಲ್ಲಿ ಕಳ್ಳ ಸಿಕ್ಕ. ಸಿಗ್ನಲಿನಲ್ಲಿ ನಿಂತಾಗ ಎಂಜಿನ್ನಿನ ಶಾಖಕ್ಕೆ ಗಾಳಿಯ ತಾಪದ ಸೆನ್ಸರ್ 70 ಡಿಗ್ರಿ ದಾಟಿ ತೋರಿಸುತ್ತಿತ್ತು. ಬಿಸಿಗಾಳಿ ತೆಳುವೆಂದು ಇಸಿಯು (ಎಂಜಿನ್ ಕಂಪ್ಯೂಟರ್) ಪೆಟ್ರೋಲ್ ಕಡಿಮೆ ಮಾಡುತ್ತದೆ. ಗಾಡಿ ಹೊರಟೊಡನೆ ಒಳಗೆ ಬರುವ ಗಾಳಿ ಅಷ್ಟು ಬಿಸಿಯಿರುವುದಿಲ್ಲ, ಆದರೆ ಸೆನ್ಸರ್ ತಣ್ಣಗಾಗಲು ಹೊತ್ತು ಹಿಡಿಯುತ್ತದೆ. ಆ ಹೊತ್ತಿನಷ್ಟೂ ಲೀನ್, ಆ ಹೊತ್ತಿನಷ್ಟೂ ಜಗ್ಗಾಟ. ಗಾಳಿಯ ತಾಪಕ್ಕೆ ತಕ್ಕಂತೆ ಪೆಟ್ರೋಲ್ ತಿದ್ದುವ ಕೋಷ್ಟಕದಲ್ಲಿ 60 ಡಿಗ್ರಿ ಮೇಲಿನ ಮನೆಗಳನ್ನು ಬದಲಿಸಿದೆ. ಎಷ್ಟು ಬದಲಿಸಿದೆ ಎಂಬುದು ನನ್ನ ಲ್ಯಾಪ್‌ಟಾಪಿನಲ್ಲೇ ಇರಲಿ. ಅದಕ್ಕಾಗಿ ಒಂದು ಬೇಸಿಗೆ ಬೆವರು ಸುರಿಸಿದ್ದೇನೆ.

ಪೂರ್ತಿ ಥ್ರಾಟಲ್‌ನಲ್ಲಿ ಲ್ಯಾಂಬ್ಡಾ 0.88ರ ಹತ್ತಿರ ಇಟ್ಟಿದ್ದೇನೆ, ಊರಿನ ವೇಗದಲ್ಲಿ 0.95. ಕಡಿಮೆ ಆರ್‌ಪಿಎಂ, ಹೆಚ್ಚು ಲೋಡ್ ಇರುವ ಕಡೆ ಟೈಮಿಂಗನ್ನು ಎರಡು ಮೂರು ಡಿಗ್ರಿ ಹಿಂದಕ್ಕೆ ತಂದು ಕಿಡಿ ತಡವಾಗಿ ಹತ್ತುವಂತೆ ಮಾಡಿದೆ. ಕಮಲಾಪುರದ ಏರು ಈಗ ನಿಶ್ಶಬ್ದ. ಮೈಲೇಜ್ 26ರಿಂದ 24ಕ್ಕೆ ಇಳಿಯಿತು. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದಿಲ್ಲ, ಸೈಲೆನ್ಸರ್ ಕಂಪನಿಯದ್ದೇ. ಸದ್ದು ಮಾಡಿ ದಂಡ ಕಟ್ಟುವ ಚಟ ನನಗಿಲ್ಲ. ವಾರಂಟಿ ಮುಗಿದ ಮೇಲೆಯೇ ಈ ಕೆಲಸಕ್ಕೆ ಕೈ ಹಾಕಿದ್ದು.

ನಡುವೆ ಶಹಾಬಾದ್ ಕಲ್ಲಿನ ಲಾರಿಗಳ ಧೂಳು ಕುಡಿದ ಏರ್ ಫಿಲ್ಟರನ್ನೂ ಹೊಸದನ್ನೂ ಅದಲುಬದಲು ಮಾಡಿ ಲಾಗ್ ಹೋಲಿಸಿದೆ. ಮೇಲಿನ ಆರ್‌ಪಿಎಂನಲ್ಲಿ ಮಾತ್ರ ವ್ಯತ್ಯಾಸ ಕಂಡಿತು. ಟ್ಯೂನಿಂಗಿಗೆ ಮೊದಲು ಹೊಸ ಫಿಲ್ಟರ್ ಹಾಕಿಸಿ, ಅಷ್ಟೇ.

ಹಾಳಾದದ್ದೂ ಸೇರಿ ಅರವತ್ತೈದು ಸಾವಿರದೊಳಗೆ ಮುಗಿಯಿತು. ಕೂಲಿ ಕೇಳಿದ್ದ ಮಿಸ್ತ್ರಿ ಈಗ ತಮ್ಮ ಗಿರಾಕಿಗಳ ಗಾಡಿಗಳನ್ನು ನನ್ನ ಬಳಿಗೇ ಕಳಿಸುತ್ತಾರೆ. ನನ್ನ ಫೈಲನ್ನೇ ಕೇಳುವವರಿಗೆ ಕೊಡುವುದಿಲ್ಲ. ನಿಮ್ಮ ಗಾಡಿಯ ಲಾಗ್ ತಂದರೆ ಕೂತು ನೋಡೋಣ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಚಾಲೂ ಮಾಡುವಾಗ ಇನ್ನೂ ಸ್ವಲ್ಪ ರಿಚ್ ಇದೆ, ಪೆಟ್ರೋಲ್ ವಾಸನೆ ಬರುತ್ತದೆ. ಆ ಕೋಷ್ಟಕಕ್ಕೆ ಈ ಚಳಿಗಾಲದಲ್ಲಿ ಕೈ ಹಾಕುತ್ತೇನೆ.